ತಂಡ ಊರು ಬಿಡುತ್ತದಂತೆ

ನವೆಂಬರ್ 12

ತಮ್ಮಾ,

ಹೇಗಿದ್ದೀಯ ಎಂದು ಕೇಳುವುದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ಸುದ್ದಿ. ನಮ್ಮ ಹಾಕಿ ತಂಡ ಊರು ಬಿಡುತ್ತದಂತೆ.

ಈ 'ಅಂತೆ'ಯನ್ನು ಮೊದಲು ತಂದವನು ನನ್ನ ಬಸ್ಸಿನ ಕಂಡಕ್ಟರ್. ಅವನು ತರುವ ಸುದ್ದಿಗೆ ನಾನು ಕಿವಿ ಕೊಡುವವಳಲ್ಲ. ಆದರೆ ಮರುದಿನ ಪತ್ರಿಕೆಯಲ್ಲೂ ಬಂತು. ತಂಡದ ಮಾಲೀಕರು ಯಾವುದೋ ದೊಡ್ಡ ನಗರದವರ ಜೊತೆ ಮಾತುಕತೆಗೆ ಕೂತಿದ್ದಾರೆ, ಈ ಸೀಸನ್ ಮುಗಿದ ಮೇಲೆ ತೀರ್ಮಾನ ಎಂದು ಬರೆದಿದ್ದರು. ಯಾವ ನಗರ ಎಂದು ಬರೆದಿರಲಿಲ್ಲ.

ಅಲ್ಲಿಂದ ಡಿಪೋದಲ್ಲಿ ಎರಡು ಪಕ್ಷವಾಗಿದೆ. ಡೀಸೆಲ್ ಪಂಪಿನ ಹತ್ತಿರ ನಿಲ್ಲುವವರದು 'ಹೋಗುತ್ತೆ' ಪಕ್ಷ, ಬಸ್ಸು ತೊಳೆಯುವ ಕಡೆ ನಿಲ್ಲುವವರದು 'ಹೋಗಲ್ಲ' ಪಕ್ಷ. ಮೊದಲನೆಯದಕ್ಕೆ ನಮ್ಮ ಮೆಕ್ಯಾನಿಕ್ಕನೇ ನಾಯಕ. "ಮೈದಾನದಲ್ಲಿ ಹನ್ನೊಂದು ಜನ, ಗ್ಯಾಲರಿಯಲ್ಲಿ ಹನ್ನೆರಡು ಜನ. ಇಂಥ ತಂಡನ ಯಾರು ಇಟ್ಕೋತಾರೆ?" ಎನ್ನುತ್ತಾನೆ. ಶಿಳ್ಳೆ ಮೇಷ್ಟ್ರು ನಿನಗೆ ನೆನಪಿದ್ದಾರಲ್ಲ, ನಮಗೆ ಡ್ರಿಲ್ ಹೇಳಿಕೊಡುತ್ತಿದ್ದವರು. ನಿವೃತ್ತರಾದ ಮೇಲೆ ಗ್ಯಾಲರಿಯಲ್ಲಿ ಶಿಳ್ಳೆ ಹಾಕಿಸುವುದೇ ಅವರ ಕೆಲಸ. ಅವರು ಡಿಪೋದಲ್ಲಿ ನನ್ನ ಬಸ್ಸು ಹತ್ತಿದವರೇ ಮೆಕ್ಯಾನಿಕ್ಕನ ಮಾತು ಕೇಳಿ, "ಸೋತಾಗ ಬಿಟ್ಟುಕೊಡೋದಾದ್ರೆ ನಾನು ನಿನ್ನನ್ನ ಏಳನೇ ಕ್ಲಾಸಲ್ಲೇ ಬಿಟ್ಟುಕೊಡ್ತಿದ್ದೆ ಕಣಯ್ಯ" ಎಂದರು.

ಅಮ್ಮ ಮಾತ್ರ ತಣ್ಣಗಿದ್ದಾಳೆ. "ಹೋಗೋದಾದ್ರೆ ಆ ಗೋಲ್‌ಕೀಪರ್ ಒಬ್ಬನನ್ನ ಮೊದಲು ಕಳಿಸಿ" ಎಂದಳು. ಗೆದ್ದ ದಿನ ಅವನನ್ನು 'ಗೋಡೆ' ಎಂದು ಕರೆಯುವವಳೂ ಇವಳೇ, ಸೋತ ದಿನ 'ಬಾಗಿಲು' ಎನ್ನುವವಳೂ ಇವಳೇ. ಈ ವರ್ಷ ಬಾಗಿಲೇ ಜಾಸ್ತಿ. ಪಟ್ಟಿಯಲ್ಲಿ ನಾವೇ ಕೊನೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನನಗೆ ಬಿಡುವಿದ್ದಾಗ ನೀನು ಕ್ರೇನಿನ ಮೇಲಿರುತ್ತೀಯ, ನೀನು ಕೆಳಗಿಳಿದಾಗ ನನ್ನ ಕೈಯಲ್ಲಿ ಸ್ಟಿಯರಿಂಗ್ ಇರುತ್ತದೆ. ಅದೂ ಅಲ್ಲದೆ ಹಾಕಿ ಮಾತು ಬಂದರೆ ನಮ್ಮಿಬ್ಬರಲ್ಲಿ ಒಬ್ಬರು ಫೋನ್ ಕುಕ್ಕುವುದು ಖಂಡಿತ. ಕಾಗದವನ್ನು ಹಾಗೆ ಕುಕ್ಕಲಾಗುವುದಿಲ್ಲ.

ನೀನಿರುವುದು ದೊಡ್ಡ ನಗರ. ಅಲ್ಲೇನಾದರೂ ಕಿವಿಗೆ ಬಿದ್ದಿದೆಯೇ? ಬರೆ. ಈಗ ಕೇಳುತ್ತೇನೆ, ಹೇಗಿದ್ದೀಯ?

ನಿನ್ನ ಅಕ್ಕ

*

ನವೆಂಬರ್ 27

ಅಕ್ಕಾ,

ಚೆನ್ನಾಗಿದ್ದೇನೆ. ಕ್ರೇನಿನ ಕ್ಯಾಬಿನ್ನಿಗೆ ಹೊಸ ಸೀಟು ಹಾಕಿಸಿದ್ದಾರೆ, ಬೆನ್ನು ನೋವು ಕಡಿಮೆಯಾಗಿದೆ. ಮೇಲಿಂದ ಇಡೀ ನಗರ ಕಾಣುತ್ತದೆ. ಕೆಳಗಿಳಿದರೆ ಎದುರು ಮನೆಯೂ ಕಾಣುವುದಿಲ್ಲ, ಅಷ್ಟು ಗೋಡೆಗಳು.

ಇಲ್ಲಿ ಹಾಕಿಯ ಬಗ್ಗೆ ಯಾರೂ ಮಾತಾಡುವುದಿಲ್ಲ. ನಾನೇನೂ ಕೇಳಿಲ್ಲ.

ಆದರೆ ನೀನು ಕೇಳಿದ್ದರಿಂದ ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ಮೆಕ್ಯಾನಿಕ್ ಹೇಳುವುದರಲ್ಲಿ ತಪ್ಪೇನಿದೆ? ನೋಡುವವರಿಲ್ಲದ ಕಡೆ ತಂಡ ಯಾಕಿರಬೇಕು? ಟೀವಿಯಲ್ಲಿ ನಾನೂ ನೋಡುತ್ತೇನೆ. ಪಂದ್ಯದ ಕೊನೆಯಲ್ಲಿ ಕ್ಯಾಮೆರಾ ಗ್ಯಾಲರಿಯ ಕಡೆ ತಿರುಗಿದರೆ ಬರೀ ಸಿಮೆಂಟಿನ ಮೆಟ್ಟಿಲು. ಮೇಷ್ಟ್ರು ಒಬ್ಬರೇ ಕೂತಿರುತ್ತಾರೆ, ಅವರ ಶಿಳ್ಳೆ ಮೈಕಿನಲ್ಲಿ ಕೇಳುತ್ತದೆ. ಅದು ಕೇಳಿದ ಕೂಡಲೇ ಟೀವಿ ಆರಿಸಿಬಿಡುತ್ತೇನೆ. ಜನರಿರುವ ಕಡೆ ಹೋದರೆ ಆ ಹುಡುಗರಾದರೂ ಬದುಕಿಕೊಳ್ಳುತ್ತಾರೆ. ಊರು ಬಿಟ್ಟವರೆಲ್ಲ ಕೆಟ್ಟವರೇನಲ್ಲ. ನಾನೂ ಬಿಟ್ಟು ಬಂದವನೇ ತಾನೆ?

ಅಮ್ಮನಿಗೆ ಮಂಡಿಗೆ ಹಚ್ಚುವ ಎಣ್ಣೆ ಕಳಿಸಿದ್ದೇನೆ.

ತಮ್ಮ

*

ಡಿಸೆಂಬರ್ 9

ತಮ್ಮಾ,

ಎಣ್ಣೆ ಬಂತು. ನಿನ್ನ ಕಾಗದವನ್ನು ಅಮ್ಮನಿಗೆ ಪೂರ್ತಿ ಓದಲಿಲ್ಲ, ಎಣ್ಣೆಯ ಸಾಲನ್ನು ಮಾತ್ರ ಓದಿದೆ. ಉಳಿದದ್ದನ್ನು ಓದಿದ್ದರೆ ಅವಳು ಎಣ್ಣೆಯನ್ನು ವಾಪಸ್ಸು ಕಳಿಸುತ್ತಿದ್ದಳು.

ನೋಡುವವರಿಲ್ಲ ಎಂದು ಟೀವಿಯ ಮುಂದೆ ಕೂತು ಹೇಳುವುದು ಸುಲಭ. ಕಳೆದ ಶನಿವಾರದ್ದು ಹೇಳುತ್ತೇನೆ ಕೇಳು. ಟೀವಿಯವರಿಗೋಸ್ಕರ ಪಂದ್ಯಗಳನ್ನು ಸಂಜೆಗೆ ಹಾಕಿದ್ದಾರಲ್ಲ, ಅಂದು ನನ್ನದು ನದಿಯಾಚೆಯ ಕಾರ್ಖಾನೆ ಬಡಾವಣೆಗೆ ಹೋಗುವ ಕೊನೆಯ ಬಸ್ಸು. ಸ್ಟೇಡಿಯಂ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ ಒಳಗೆ ಹೋದೆ. ಗೇಟಿನವನು ನನ್ನ ಖಾಕಿ ನೋಡಿ ತಡೆಯುವುದಿಲ್ಲ. ಎಂಥ ಆಟ ಗೊತ್ತೇ? ನಮ್ಮ ಕ್ಯಾಪ್ಟನ್ ಲಂಬು ಬಲಗಡೆಯಿಂದ ಮೂವರನ್ನು ದಾಟಿಕೊಂಡು ಬಂದು ಕೊಟ್ಟ ಚೆಂಡು ಸೀದಾ ಗೋಲಿಗೆ. ಗ್ಯಾಲರಿ ಎದ್ದು ನಿಂತಿತು. ಮೂರನೇ ಕ್ವಾರ್ಟರ್ ಮುಗಿದಾಗ ನಾವೇ ಮುಂದಿದ್ದೆವು, ಉಳಿದದ್ದು ಕೊನೆಯ ಕ್ವಾರ್ಟರ್ ಒಂದೇ. ಅಷ್ಟು ಹೊತ್ತಿಗೆ ಬಸ್ಸು ಹೊರಡುವ ಸಮಯ. ನಾನು ಹೊರಟೆ, ಎಲ್ಲರೂ ಹತ್ತಿದರು. ಫುಟ್‌ಬೋರ್ಡಿನ ಮೇಲೂ ಜನ. ಯಾರದೋ ಮೊಬೈಲಿನಲ್ಲಿ ಕಾಮೆಂಟರಿ. ಸೇತುವೆಯ ಮೇಲೆ ಬರುವಷ್ಟರಲ್ಲಿ ಎದುರಾಳಿಗಳು ಎರಡು ಗೋಲು ಹೊಡೆದಿದ್ದರು. ಈ ವರ್ಷ ನಮ್ಮ ಸೋಲುಗಳನ್ನೆಲ್ಲ ನಾನು ಆ ಸೇತುವೆಯ ಮೇಲೆಯೇ ಕೇಳಿದ್ದೇನೆ.

ಆ ಜನರ ಮುಖವನ್ನು ಕನ್ನಡಿಯಲ್ಲಿ ನೋಡಿದ್ದರೆ ನೀನು ಆ ಮಾತು ಬರೆಯುತ್ತಿರಲಿಲ್ಲ.

ನೀನು ಊರು ಬಿಟ್ಟದ್ದು ಕೆಲಸಕ್ಕೆ. ಅದಕ್ಕೂ ಇದಕ್ಕೂ ತಳುಕು ಹಾಕಬೇಡ.

ಅಕ್ಕ

*

ಡಿಸೆಂಬರ್ 22

ಅಕ್ಕಾ,

ನಿನ್ನ ಕಾಗದ ಬಂದ ಮೇಲೆ ನಾಲ್ಕು ಸಲ ಬರೆಯಲು ಕೂತು ಎದ್ದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ, ಸೀದಾ ಹೇಳಿಬಿಡುತ್ತೇನೆ.

ನಾನು ಕ್ರೇನ್ ಓಡಿಸುತ್ತಿರುವುದು ಒಂದು ದೊಡ್ಡ ಕಟ್ಟಡಕ್ಕೆ ಎಂದು ಹೇಳಿದ್ದೆನಲ್ಲ. ಅದು ಹಾಕಿ ಸ್ಟೇಡಿಯಂ. ಯಾವ ತಂಡಕ್ಕೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಹೋದ ತಿಂಗಳು ಕುರ್ಚಿಗಳು ಬಂದವು. ಪ್ಲಾಸ್ಟಿಕ್ ಹೊದಿಕೆ ಹರಿದಿದ್ದ ಒಂದು ಕಟ್ಟನ್ನು ಮೇಲೆತ್ತುವಾಗ ಬಣ್ಣ ಕಂಡಿತು. ನಮ್ಮ ಹಳದಿ. ಬೇರೆ ಯಾವ ತಂಡಕ್ಕೂ ಆ ಹಳದಿ ಇಲ್ಲ, ನಿನಗೂ ಗೊತ್ತು. ನಿನ್ನ ಮೊದಲ ಕಾಗದ ಬಂದಾಗಲೇ ನನಗೆ ವಿಷಯ ತಿಳಿದಿತ್ತು.

ಬೇಜಾರಾಯಿತು ಎಂದು ಬರೆದರೆ ನಿನಗೆ ಸಮಾಧಾನವಾಗಬಹುದು. ಆದರೆ ಬೇಜಾರಾಗಲಿಲ್ಲ ಅಕ್ಕಾ, ಖುಷಿಯಾಯಿತು. ಇಲ್ಲಿಗೆ ಬಂದು ಇಷ್ಟು ವರ್ಷವಾಯಿತು, ನನ್ನನ್ನು ಎಲ್ಲರೂ 'ಎರಡನೇ ಕ್ರೇನ್' ಎಂದೇ ಕರೆಯುತ್ತಾರೆ. ರಜೆಯ ದಿನ ಬಟ್ಟೆ ಒಗೆದು, ಒಣಗುವವರೆಗೆ ಅದನ್ನೇ ನೋಡುತ್ತ ಕೂರುತ್ತೇನೆ. ಲಂಬು, ಗೋಡೆ, ಆ ಹಳದಿ ಅಂಗಿಗಳು ಇಲ್ಲಿಗೆ ಬಂದರೆ ವಾರಕ್ಕೊಂದು ಸಂಜೆಯಾದರೂ ನನ್ನದು ಅನ್ನುವಂಥದ್ದು ಇರುತ್ತದೆ ಅನಿಸಿತು. ಒಂದೊಂದು ಕಟ್ಟನ್ನೂ ಜೋಪಾನವಾಗಿ ಇಳಿಸಿದ್ದೇನೆ.

ನನ್ನನ್ನು ಏನು ಬೇಕಾದರೂ ಅನ್ನು. ಅಮ್ಮನಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು.

ತಮ್ಮ

*

ಜನವರಿ 14

ಅಕ್ಕಾ,

ಕಾಗದ ಬರಲಿಲ್ಲ. ಫೋನ್ ಮಾಡಿದರೆ ಅಮ್ಮ ಎತ್ತಿ, "ಡ್ಯೂಟಿಗೆ ಹೋಗಿದ್ದಾಳೆ" ಎನ್ನುತ್ತಾಳೆ. ಹಿಂದಿನಿಂದ ನೀನು ಪಾತ್ರೆ ಎತ್ತಿಡುವ ಸದ್ದು ಕೇಳುತ್ತದೆ.

ತಮ್ಮ

*

ಫೆಬ್ರವರಿ 3

ಅಕ್ಕಾ,

ನೀನು ಉತ್ತರ ಬರೆಯದಿದ್ದರೂ ಇದನ್ನು ಓದು.

ನಿನ್ನೆ ತಂಡದ ಮಾಲೀಕರ ಕಡೆಯವರು ಸ್ಟೇಡಿಯಂ ನೋಡಲು ಬಂದಿದ್ದರು. ಊಟದ ಹೊತ್ತಿನಲ್ಲಿ ನಾನು ಕೆಳಗೇ ಇದ್ದೆ. ನಮ್ಮ ಇಂಜಿನಿಯರು, "ಇಷ್ಟು ವರ್ಷ ಇದ್ದ ಊರನ್ನ ಯಾಕೆ ಬಿಡ್ತಿದ್ದೀರಿ?" ಎಂದು ಕೇಳಿದರು. ಅದಕ್ಕೆ ಅವರಲ್ಲೊಬ್ಬರು, "ಪಂದ್ಯ ಮುಗಿಯೋ ತನಕ ಕೂರೋದಕ್ಕೂ ಅಲ್ಲಿನ ಜನಕ್ಕೆ ಮನಸ್ಸಿಲ್ಲ. ಮುಕ್ಕಾಲು ಆಟಕ್ಕೇ ಎದ್ದು ಹೋಗ್ತಾರೆ. ಅಂಥ ಊರಲ್ಲಿ ಏನಿದೆ?" ಎಂದರು.

ನಾನು ಮತ್ತೆ ಮೇಲೆ ಹತ್ತಿದೆ. ಮಧ್ಯಾಹ್ನವೆಲ್ಲ ಆ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಮುಕ್ಕಾಲು ಆಟಕ್ಕೆ ಎದ್ದು ಹೋಗುವುದು. ಎಲ್ಲೋ ಓದಿದ್ದೇನಲ್ಲ ಅನಿಸಿತು. ರೂಮಿಗೆ ಬಂದು ನಿನ್ನ ಡಿಸೆಂಬರಿನ ಕಾಗದ ತೆಗೆದೆ.

ಅವರು ಎದ್ದು ಹೋಗುವುದು ಮನಸ್ಸಿಲ್ಲದೆ ಅಲ್ಲ ಅಕ್ಕಾ. ನಿನ್ನ ಬಸ್ಸು ಹೊರಡುತ್ತದೆ, ಅದಕ್ಕೆ. ಪಂದ್ಯವನ್ನು ಸಂಜೆಗೆ ಹಾಕಿದರು, ಕೊನೆಯ ಬಸ್ಸನ್ನು ಹಳೆಯ ಹೊತ್ತಿಗೇ ಬಿಟ್ಟರು. ಕಾರ್ಖಾನೆ ಬಡಾವಣೆಯ ಜನ ಆಮೇಲೆ ನಡೆದುಕೊಂಡು ಹೋಗಬೇಕೇ? ಮೇಷ್ಟ್ರ ಮನೆ ಸ್ಟೇಡಿಯಮ್ಮಿನ ಹಿಂದೆಯೇ ಇದೆ, ಹಾಗಾಗಿ ಅವರೊಬ್ಬರು ಕೂತಿರುತ್ತಾರೆ. ಟೀವಿಯಲ್ಲಿ ಖಾಲಿ ಮೆಟ್ಟಿಲು ನೋಡಿ ನಾನು ಊರನ್ನೇ ಬೈದುಕೊಂಡೆ. ಅವರೆಲ್ಲ ಆಗ ನಿನ್ನ ಬೆನ್ನ ಹಿಂದೆ ಉಸಿರು ಬಿಗಿಹಿಡಿದು ಕೂತಿದ್ದರು.

ತಂಡ ಇಲ್ಲಿಗೆ ಬರಲಿ ಎಂದು ನನಗೆ ಇವತ್ತಿಗೂ ಆಸೆ ಇದೆ. ಆದರೆ ಈ ಕಾರಣಕ್ಕೆ ಬರಬಾರದು. ಯಾರಿಗಾದರೂ ಹೇಳು. ಬೇಗ ಹೇಳು.

ತಮ್ಮ

*

ಫೆಬ್ರವರಿ 19

ತಮ್ಮಾ,

ನಿನ್ನ ಮೇಲಿನ ಕೋಪ ಇನ್ನೂ ಪೂರ್ತಿ ಇಳಿದಿಲ್ಲ, ಅರ್ಧ ಇದೆ. ಆದರೂ ನಡೆದದ್ದನ್ನು ನಿನಗೆ ಹೇಳದೆ ಯಾರಿಗೆ ಹೇಳಲಿ?

ನಿನ್ನ ಕಾಗದವನ್ನು ಟರ್ಮಿನಸ್ಸಿನಲ್ಲಿ ಸೀಟಿನಲ್ಲೇ ಕೂತು ಓದಿದೆ. ಆ ದಾರಿಯಲ್ಲಿ ಎಷ್ಟು ಸಲ ಬಸ್ಸು ಓಡಿಸಿದ್ದೇನೆ, ಒಂದು ದಿನವೂ ಹೊಳೆಯಲಿಲ್ಲ. ನಮಗೆಲ್ಲ ಅದು ಅಭ್ಯಾಸವಾಗಿಬಿಟ್ಟಿತ್ತು. ನಾಲ್ಕನೇ ಕ್ವಾರ್ಟರ್ ಎಂದರೆ ಕಾಮೆಂಟರಿಯಲ್ಲಿ ಕೇಳುವಂಥದ್ದು ಎಂದುಕೊಂಡಿದ್ದೆವು.

ಶಿಳ್ಳೆ ಮೇಷ್ಟ್ರನ್ನು ಕರೆದುಕೊಂಡು ಡಿಪೋ ಮ್ಯಾನೇಜರ ಹತ್ತಿರ ಹೋದೆ.

"ಟೈಮ್‌ಟೇಬಲ್ ನಾನು ಮಾಡಿದ್ದಲ್ಲಮ್ಮ" ಎಂದರು.

"ಯಾರು ಮಾಡಿದ್ದು ಸಾರ್?"

"ನನಗಿಂತ ಹಿಂದಿದ್ದವರು."

"ಅವರು ಹಾಕಿ ನೋಡ್ತಿದ್ರಾ?"

"ಅವರ ಕಾಲದಲ್ಲಿ ಪಂದ್ಯ ಮಧ್ಯಾಹ್ನ ಇರ್ತಿತ್ತು."

ಇಷ್ಟು ಹೇಳಿದವರೇ ಗೋಡೆಯ ಮೇಲಿದ್ದ ಟೈಮ್‌ಟೇಬಲ್ ಕಡೆ ತಿರುಗಿದರು. ಆಮೇಲೆ, "ಡ್ಯೂಟಿ ಮುಗಿದ ಮೇಲೆ ಓಡಿಸೋ ಡ್ರೈವರ್‌ಗಳು ಯಾರಿದ್ದಾರೆ?" ಎಂದರು. ನಾನು ಬಾಗಿಲು ತೆರೆದೆ. ಹೊರಗೆ ಎರಡೂ ಪಕ್ಷದವರು ನಿಂತಿದ್ದರು. ಮೇಷ್ಟ್ರು ಮೊದಲೇ ಎಲ್ಲರಿಗೂ ಹೇಳಿಟ್ಟಿದ್ದರು, ನನಗೆ ಮಾತ್ರ ಹೇಳಿರಲಿಲ್ಲ.

ಭಾನುವಾರ ಪುರಭವನದಲ್ಲಿ ಸಭೆ. ಮಾಲೀಕರೇ ಬಂದಿದ್ದರು. ಮೆತ್ತಗೆ ಮಾತಾಡುವ ಮನುಷ್ಯ, ಕೆಟ್ಟವರಂತೆ ಕಾಣಲಿಲ್ಲ. ಪರದೆಯ ಮೇಲೆ ಖಾಲಿ ಗ್ಯಾಲರಿಯ ಫೋಟೋಗಳನ್ನು ಒಂದರ ಹಿಂದೊಂದು ತೋರಿಸಿದರು. "ನಿಮಗೇ ಬೇಡವಾದದ್ದನ್ನ ನಾನೊಬ್ಬ ಎಷ್ಟು ದಿನ ಹೊತ್ಕೊಂಡಿರಲಿ, ನೀವೇ ಹೇಳಿ" ಎಂದರು. ಸಭೆ ಎರಡು ಹೋಳಾಯಿತು. ಹೋಗಲಿ ಬಿಡಿ ಎಂದು ಕೆಲವರು, ಹೇಗೆ ಹೋಗುತ್ತೆ ನೋಡೋಣ ಎಂದು ಕೆಲವರು. ಕುರ್ಚಿಗಳು ಸರಿದಾಡಿದವು. ನಾನು ಎದ್ದು ನಿಂತೆ.

"ಸಾರ್, ಈ ಫೋಟೋ ತೆಗೆದಾಗ ಜನ ಎಲ್ಲಿದ್ರು ಅಂತ ನಾನು ಹೇಳ್ತೀನಿ. ನನ್ನ ಹಿಂದೆ ಕೂತಿದ್ರು. ನಾನು ಕೊನೇ ಬಸ್ ಓಡಿಸ್ತಿದ್ದೆ. ಅದು ಬಿಟ್ರೆ ಅವರಿಗೆ ಮನೆಗೆ ಹೋಗೋಕೆ ಬೇರೆ ದಾರಿ ಇರಲಿಲ್ಲ."

ಮೊದಲು ಯಾರೋ ನಕ್ಕರು. ಆಮೇಲೆ ಇಡೀ ಸಭೆ ಗುಜುಗುಜು ಎಂದಿತು. ಗಂಡ ಹೆಂಡತಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹೌದಲ್ಲ, ಹೌದಲ್ಲ ಎನ್ನುತ್ತಿದ್ದರು.

ಮಾಲೀಕರು ನನ್ನನ್ನೇ ನೋಡುತ್ತ, "ಬಸ್ಸು ತಡವಾಗಿ ಬಿಟ್ರೆ ಜನ ಉಳೀತಾರೆ ಅಂತ ಯಾರು ಹೇಳೋದು?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಒಂದು ದನಿ ಬಂತು. "ನಾನು ಹೇಳ್ತೀನಿ. ಉಳೀತಾರೆ." ತಿರುಗಿ ನೋಡಿದರೆ ನಮ್ಮ ಮೆಕ್ಯಾನಿಕ್, 'ಹೋಗುತ್ತೆ' ಪಕ್ಷದ ನಾಯಕ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

ಮಾಲೀಕರು ಮಾತು ಕೊಡಲಿಲ್ಲ. ಇಲ್ಲಿ ಆಡುವ ಕೊನೆಯ ಪಂದ್ಯಕ್ಕೆ ತಾವೇ ಬಂದು ಗ್ಯಾಲರಿಯಲ್ಲಿ ಕೂತು ನೋಡುವುದಾಗಿ ಹೇಳಿ ಹೋದರು.

ಸಭೆಯಲ್ಲಿ ನಿನ್ನ ಪ್ರಸ್ತಾಪ ಎತ್ತಲಿಲ್ಲ. ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ, ಹಳದಿ ಕುರ್ಚಿಯ ಸಂಗತಿಯನ್ನೂ. ಅವಳು, "ರಜೆ ದಿನ ಬಟ್ಟೆ ಒಣಗೋದನ್ನ ನೋಡ್ತಾ ಕೂರ್ತಾನಂತಾ?" ಎಂದು ಕೇಳಿದಳು. ಕುರ್ಚಿಯ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಅಕ್ಕ

*

ಮಾರ್ಚ್ 2

ಅಕ್ಕಾ,

ಅಮ್ಮ ನಿನ್ನೆ ಫೋನ್ ಮಾಡಿದ್ದಳು. ಏನೂ ವಿಶೇಷ ಹೇಳಲಿಲ್ಲ. ಬಟ್ಟೆಗೆ ಯಾವ ಸೋಪು ಹಾಕುತ್ತೀಯ ಎಂದು ಕೇಳಿದಳು, ಮುಕ್ಕಾಲು ಗಂಟೆ ಮಾತಾಡಿದಳು.

ಕೊನೆಯ ಪಂದ್ಯ ಟೀವಿಯಲ್ಲಿ ಬರುವುದಿಲ್ಲವಂತೆ. ಕೊನೆಯ ಸ್ಥಾನದ ತಂಡವನ್ನು ಯಾರು ನೋಡುತ್ತಾರೆ ಎಂದು ಬೇರೆ ಪಂದ್ಯ ಹಾಕುತ್ತಾರಂತೆ. ಆದ್ದರಿಂದ ಒಂದು ಸಾಲೂ ಬಿಡದೆ ಬರೆ. ಯಾರು ಯಾರಿಗೆ ಚೆಂಡು ಕೊಟ್ಟರು ಎಂಬುದೂ ಬೇಕು.

ತಮ್ಮ

*

ಮಾರ್ಚ್ 23

ತಮ್ಮಾ,

ಗಂಟಲು ಕಟ್ಟಿದೆ, ಡಿಪೋದಲ್ಲಿ ಕೈಸನ್ನೆಯಲ್ಲೇ ಮಾತಾಡುತ್ತಿದ್ದೇನೆ. ಸದ್ಯ, ಬರೆಯಲು ಗಂಟಲು ಬೇಡ.

ನಿನ್ನೆ ಪಂದ್ಯಕ್ಕೆ ಮುಂಚೆ ನಮ್ಮ ಬಸ್ಸುಗಳನ್ನು ಸ್ಟೇಡಿಯಮ್ಮಿನ ಗೋಡೆಯುದ್ದಕ್ಕೂ ಸಾಲಾಗಿ ನಿಲ್ಲಿಸಿದೆವು. ಒಂದೊಂದರ ಗಾಜಿನ ಮೇಲೂ ಮೆಕ್ಯಾನಿಕ್ ಸುಣ್ಣದಲ್ಲಿ 'ಪಂದ್ಯ ಮುಗಿದ ಮೇಲೆ' ಎಂದು ಬರೆದಿದ್ದ. ಎದುರಾಳಿ ಯಾರು ಗೊತ್ತಲ್ಲ, ಪಟ್ಟಿಯಲ್ಲಿ ಮೊದಲನೆಯವರು. ಅಮ್ಮ ಮೇಷ್ಟ್ರ ಪಕ್ಕ ಕೂತಳು. ಮಾಲೀಕರು ಎರಡು ಸಾಲು ಕೆಳಗೆ.

ಮೊದಲರ್ಧದಲ್ಲಿ ಅವರದೊಂದು ಗೋಲು. ಅಮ್ಮ ಆಗಲೇ 'ಬಾಗಿಲು' ಎಂದು ಶುರು ಮಾಡಿದ್ದಳು. ಮೂರನೇ ಕ್ವಾರ್ಟರಿನಲ್ಲಿ ನಮ್ಮದೊಂದು. ಲಂಬು ಎಡಗಡೆಗೆ ಕೊಟ್ಟ, ಅಲ್ಲಿಂದ ಗೋಲಿನ ಮುಂದಕ್ಕೆ ಬಂತು, ಯಾರ ಸ್ಟಿಕ್ಕಿಗೆ ತಗುಲಿತೋ ನನಗೂ ಕಾಣಲಿಲ್ಲ, ಒಳಗೆ ಹೋದದ್ದು ಮಾತ್ರ ಕಂಡಿತು. ಸಮ ಸಮ.

ಈಗ ಹೇಳುವುದನ್ನು ನಿಧಾನವಾಗಿ ಓದು. ಮೂರನೇ ಕ್ವಾರ್ಟರಿನ ಹೂಟರ್ ಕೂಗಿತು. ಇಡೀ ಗ್ಯಾಲರಿ ಅಭ್ಯಾಸಬಲದಿಂದ ಎದ್ದು ನಿಂತಿತು. ಚೀಲ ಹೆಗಲಿಗೇರಿದವು, ಮಕ್ಕಳನ್ನು ಎತ್ತಿಕೊಂಡರು. ನಾನೂ ಎದ್ದಿದ್ದೆ, ಕೈ ಜೇಬಿನ ಕೀಲಿಗೆ ಹೋಗಿತ್ತು. ಮಾಲೀಕರು ಹಿಂದಕ್ಕೆ ತಿರುಗಿ ನೋಡಿ ಮುಖ ಸಣ್ಣ ಮಾಡಿಕೊಂಡರು. ಆಗ ಯಾರೋ ಒಬ್ಬರು ಕೂತರು. ಪಕ್ಕದವರು ಕೂತರು. ನೆನಪಾದ ಹಾಗೆಲ್ಲ ಒಂದೊಂದು ಸಾಲೇ ಕೂರುತ್ತ ಬಂತು, ಕೂರುತ್ತ ನಗುತ್ತ ಬಂತು. ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೂ ಬರೀ ನಗು. ಮೈದಾನದಲ್ಲಿ ನೀರು ಕುಡಿಯುತ್ತಿದ್ದ ನಮ್ಮ ಹುಡುಗರು ತಲೆಯೆತ್ತಿ ನೋಡಿದರು. ಲಂಬು ಬಾಟಲಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟ. ತುಂಬಿದ ಗ್ಯಾಲರಿಯ ಮುಂದೆ ಅವರು ನಾಲ್ಕನೇ ಕ್ವಾರ್ಟರ್ ಆಡಿ ಎಷ್ಟು ಕಾಲವಾಗಿತ್ತೋ.

ಆಮೇಲೆ ಆಡಿದರು ನೋಡು. ಓಡಿದ್ದೇ ಓಡಿದ್ದು. ಮೊದಲ ಸ್ಥಾನದವರಿಗೆ ತಮ್ಮ ಅರ್ಧ ಬಿಟ್ಟು ಈಚೆ ಬರಲಾಗಲಿಲ್ಲ. ಇನ್ನೇನು ಮುಗಿಯಬೇಕು, ನಮಗೊಂದು ಪೆನಾಲ್ಟಿ ಕಾರ್ನರ್. ಚೆಂಡು ಬಂತು, ನಿಂತಿತು, ಲಂಬು ಹೊಡೆಯುವಂತೆ ಬಾಗಿ ಹೊಡೆಯಲಿಲ್ಲ. ಅವರ ಗೋಲ್‌ಕೀಪರ್ ಆಗಲೇ ನೆಲಕ್ಕೆ ಬಿದ್ದಿದ್ದ. ಲಂಬು ಅವನ ಮೇಲಿಂದ ಸುಮ್ಮನೆ ಎತ್ತಿ ಹಾಕಿದ. ನನಗೆ ಕಿವಿ ಕೇಳಿಸಲಿಲ್ಲ ಕಣೋ. ಮೇಷ್ಟ್ರ ಶಿಳ್ಳೆಯೂ ಕೇಳಿಸಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವರ ಶಿಳ್ಳೆ ಯಾರಿಗೂ ಕೇಳಿಸಲಿಲ್ಲ, ಅದಕ್ಕೆ ಅವರಿಗೆ ಎಷ್ಟು ಖುಷಿ.

ಅಲ್ಲಿಗೂ ಮುಗಿಯಲಿಲ್ಲ. ಕೊನೆಯ ಹೂಟರಿಗೆ ಸರಿಯಾಗಿ ಅವರಿಗೂ ಒಂದು ಪೆನಾಲ್ಟಿ ಕಾರ್ನರ್. ಹೊಡೆದರು, ನಮ್ಮ ಗೋಲ್‌ಕೀಪರ್ ಕಾಲಿನಲ್ಲಿ ತಡೆದ. ಮತ್ತೆ ಹೊಡೆದರು, ಮೈಯಡ್ಡ ಬಿದ್ದು ಕೈಯಲ್ಲಿ ತಳ್ಳಿದ. ಚೆಂಡು ಗೆರೆಯಾಚೆ ಹೋಯಿತು. ಅಮ್ಮ ಮೆಟ್ಟಿಲ ಮೇಲೆ ನಿಂತು ಎರಡೂ ಕೈಯೆತ್ತಿ, "ಗೋಡೆ, ನಮ್ಮಪ್ಪ ಗೋಡೆ" ಎಂದು ಕೂಗಿದಳು. ಅವಳ ಮಂಡಿಗೆ ಏನೂ ಆಗಿಲ್ಲ, ನಿನ್ನ ಎಣ್ಣೆಗೆ ಜಯವಾಗಲಿ.

ಹೊರಗೆ ಬಂದರೆ ಮಾಲೀಕರ ಕಾರು ನಮ್ಮ ಬಸ್ಸುಗಳ ನಡುವೆ ಸಿಕ್ಕಿಕೊಂಡಿತ್ತು. ಬಸ್ಸು ಹೊರಡದೆ ಕಾರು ಅಲುಗಾಡುವಂತಿಲ್ಲ. ಅಮ್ಮ ಕಿಟಕಿಯಿಂದ, "ಅಲ್ಲಿ ನಿಂತು ಏನ್ಮಾಡ್ತೀಯಪ್ಪ, ಹತ್ತು" ಎಂದಳು. ಅವರು ಹತ್ತಿಯೇ ಬಿಟ್ಟರು. ಕೂರಲು ಜಾಗವಿಲ್ಲ, ನನ್ನ ಹಿಂದೆ ಕಂಬಿ ಹಿಡಿದು ನಿಂತರು. ಬಸ್ಸು ಹೊರಟ ಮೇಲೆ ಅಮ್ಮ ಬಿಡಬೇಕಲ್ಲ.

"ಈಗ ಹೇಳಪ್ಪ, ತಂಡ ಕರ್ಕೊಂಡು ಹೋಗ್ತೀಯಾ?"

ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ.

"ಗೆದ್ರಿ ಅಂತ ಹೇಳ್ತಿಲ್ಲಮ್ಮ" ಎಂದರು ಅವರು. "ಎದ್ದವರು ಮತ್ತೆ ಕೂತ್ರಲ್ಲ, ಆಗಲೇ ಮನಸ್ಸು ಮಾಡ್ದೆ. ತಂಡ ಇಲ್ಲೇ ಇರುತ್ತೆ."

ಆಗ ನಾವು ಸೇತುವೆಯ ಮೇಲಿದ್ದೆವು. ಅಲ್ಲಿ ಹಾರ್ನ್ ಮಾಡುವಂತಿಲ್ಲ ಎಂದು ದೊಡ್ಡ ಬೋರ್ಡೇ ಇದೆ. ನಾನು ಒತ್ತಿದ ಕೈ ತೆಗೆಯಲಿಲ್ಲ. ಹಿಂದಿನ ಬಸ್ಸಿನವನಿಗೆ ವಿಷಯ ಗೊತ್ತಿಲ್ಲದಿದ್ದರೂ ಅವನೂ ಒತ್ತಿದ, ಅವನ ಹಿಂದಿನವನೂ. ನದಿಯ ಎರಡೂ ದಡದ ಮನೆಗಳ ದೀಪ ಹತ್ತಿಕೊಂಡವು.

ಮನೆಗೆ ಬಂದು ಮಲಗಿದಾಗ ನಿನ್ನ ಕುರ್ಚಿಗಳು ನೆನಪಾದವು. ನೀನು ಬಾಯಿ ಮುಚ್ಚಿಕೊಂಡಿದ್ದರೆ ಅವು ತುಂಬುತ್ತಿದ್ದವು. ನನ್ನ ಉಳಿದರ್ಧ ಕೋಪವೂ ಹೋಯಿತು. ಇದು ಅಮ್ಮನ ಮಾತು, ಹಾಗೇ ಬರೆಯುತ್ತಿದ್ದೇನೆ: "ತಂಡ ಉಳಿಸಿದ್ದು ನನ್ನ ಮಗ, ಗೋಲು ಹೊಡೆದದ್ದು ಲಂಬು."

ಅಕ್ಕ

*

ಏಪ್ರಿಲ್ 16

ಅಕ್ಕಾ,

ನಿನ್ನ ಕಾಗದ ಬಂದಾಗ ನಾವು ಊಟದ ಶೆಡ್ಡಿನಲ್ಲಿದ್ದೆವು. ಓದುತ್ತ ಓದುತ್ತ ನನಗೇ ತಿಳಿಯದೆ ದನಿ ಹೊರಗೆ ಬಂದಿತ್ತು. ಪಕ್ಕದಲ್ಲಿದ್ದ ವೆಲ್ಡರ್, "ಏನದು, ಗಟ್ಟಿಯಾಗಿ ಓದು" ಎಂದ. ಮೊದಲಿನಿಂದ ಓದಿದೆ. ಹಾಕಿ ಸ್ಟಿಕ್ಕನ್ನೇ ಮುಟ್ಟದ ಜನ ಅವರು. ಪೆನಾಲ್ಟಿ ಕಾರ್ನರಿಗೆ ಬರುವಷ್ಟರಲ್ಲಿ ಯಾರೂ ಊಟ ಮಾಡುತ್ತಿರಲಿಲ್ಲ. ಹಾರ್ನಿನ ಹತ್ತಿರ ಬಂದಾಗ ವೆಲ್ಡರ್ ತಟ್ಟೆ ಬಡಿದ, ಆಮೇಲೆ ಎಲ್ಲರೂ ಬಡಿದರು. ಇಂಜಿನಿಯರು ಏನೋ ಅನಾಹುತವಾಯಿತೆಂದು ಓಡಿ ಬಂದರು. ಅವರಿಗೂ ಇನ್ನೊಮ್ಮೆ ಓದಬೇಕಾಯಿತು.

ನನಗೂ ಒಂದು ಸುದ್ದಿ ಇದೆ. ಕುರ್ಚಿಗಳು ಖಾಲಿ ಉಳಿಯುವುದಿಲ್ಲ. ಈ ನಗರಕ್ಕೆ ಹೊಸದಾಗಿಯೇ ಒಂದು ತಂಡ ಕಟ್ಟುತ್ತಿದ್ದಾರೆ. ಹೋದ ಭಾನುವಾರ ಆಟಗಾರರ ಆಯ್ಕೆ ನಡೆಯಿತು. ನಾನು ಬಟ್ಟೆ ಒಗೆಯುವುದನ್ನು ಬಿಟ್ಟು ಹೋದೆ. ಒಬ್ಬನೇ ಹೋಗಲಿಲ್ಲ, ಶೆಡ್ಡಿನವರೆಲ್ಲ ಬಂದರು. ನಾವೇ ಕೂರಿಸಿದ ಕುರ್ಚಿಗಳಲ್ಲಿ ನಾವೇ ಮೊದಲು ಕೂತೆವು. ಯಾವಾಗ ಕೂಗಬೇಕು, ಯಾವಾಗ ಸುಮ್ಮನಿರಬೇಕು ಎಂದು ಅವರಿಗೆ ಗೊತ್ತಿರಲಿಲ್ಲ, ನಾನು ಹೇಳಿಕೊಟ್ಟೆ. ಸಂಜೆಯ ಹೊತ್ತಿಗೆ ನನ್ನನ್ನು ಯಾರೂ 'ಎರಡನೇ ಕ್ರೇನ್' ಎನ್ನುತ್ತಿರಲಿಲ್ಲ. ಇಲ್ಲಿ ನಾನೀಗ 'ಮೇಷ್ಟ್ರು'. ಅಲ್ಲಿನ ಮೇಷ್ಟ್ರಿಗೆ ಹೇಳಬೇಡ, ಅಥವಾ ಹೇಳು.

ಹೊಸ ತಂಡದಲ್ಲಿ ಶಾಲೆ ಹುಡುಗನಷ್ಟು ಗಿಡ್ಡ ಆಟಗಾರನೊಬ್ಬನಿದ್ದಾನೆ, ಅವನ ಓಟ ನೋಡಬೇಕು ನೀನು. ನಿಮ್ಮ ಲಂಬುವಿನ ಕೈಗೆ ಅವನು ಸಿಗುವುದಿಲ್ಲ. 'ನಿಮ್ಮ' ಎಂದು ಬರೆಯುವಾಗ ಪೆನ್ನು ಒಂದು ಗಳಿಗೆ ನಿಂತಿತು, ಆದರೆ ಹೊಡೆದು ಹಾಕಲಿಲ್ಲ.

ಮುಂದಿನ ಸೀಸನ್ನಿನಲ್ಲಿ ನಿಮ್ಮವರು ಇಲ್ಲಿಗೆ ಆಡಲು ಬರುತ್ತಾರೆ. ಡಿಪೋ ಮ್ಯಾನೇಜರ ಹತ್ತಿರ ಕೇಳಿ ಒಂದು ಬಸ್ಸು ತುಂಬ ಜನರನ್ನು ನೀನೇ ಓಡಿಸಿಕೊಂಡು ಬಾ. ಅಮ್ಮನಿಗೆ ನೆರಳಿನ ಕಡೆಯ ಸೀಟು ಹಿಡಿದಿಡುತ್ತೇನೆ. ಅವಳು ಕೂಗುವುದು ಯಾರ ಕಡೆ ಎಂದು ನೀವಿಬ್ಬರೂ ಬಸ್ಸಿನಲ್ಲೇ ತೀರ್ಮಾನ ಮಾಡಿಕೊಂಡು ಬನ್ನಿ. ಪಂದ್ಯ ಮುಗಿದ ಮೇಲೆ ನನ್ನ ರೂಮಿನಲ್ಲಿ ಊಟ. ನಾವು ನಿಮ್ಮನ್ನು ಸೋಲಿಸಿರುತ್ತೇವೆ, ಆದ್ದರಿಂದ ಅಡುಗೆ ನಾನೇ ಮಾಡುತ್ತೇನೆ.

ತಮ್ಮ